ಕಾಡಿನ ಕಥೆಯೂ ಕಥೆಗಾರನ ಹೊಟ್ಟೆಪಾಡೂ

ಜಯನಗರ, ಬನಶಂಕರಿ, ಜೆ. ಪಿ. ನಗರದ ಕಡೆಯ ಓದುಬರಹ ಬಲ್ಲ ಮನೆಗಳಲ್ಲಿ ಈಚೀಚೆಗೆ ಒಂದು ಹೊಸ ಮಾತು ಕೇಳಬರುತ್ತಿದೆ. ಇಂಜಿನಿಯರಿಂಗ್ ಮುಗಿಸಿದ ಮಗನೋ, ವಿಜ್ಞಾನದಲ್ಲಿ ಪದವಿ ಪಡೆದ ಮಗಳೋ, ಒಂದು ದಿನ ಊಟದ ಹೊತ್ತಿಗೆ, ತಾನು ಕಂಪನಿಯ ಕೆಲಸಕ್ಕೆ ಹೋಗುವುದಿಲ್ಲವೆಂದೂ, ಕಾಡಿನ ಪ್ರಾಣಿಪಕ್ಷಿಗಳ ಸಂಗತಿಯನ್ನು ಮಕ್ಕಳಿಗೂ ದೊಡ್ಡವರಿಗೂ ಹೇಳಿ, ಬರೆದು, ಚಿತ್ರ ತೆಗೆದು, ಅದರಿಂದಲೇ ಜೀವನ ನಡೆಸುವೆನೆಂದೂ ತಿಳಿಸುವುದುಂಟು. ಹಿರಿಯರ ಮೊದಲನೆಯ ಪ್ರಶ್ನೆ, ‘ತಿಂಗಳಿಗೆ ಎಷ್ಟು ಬರುತ್ತದೆ?’ ಎಂಬುದು. ಈ ಪ್ರಶ್ನೆಯನ್ನು ಕೇಳಿ ನಗುವವರಿದ್ದಾರೆ, ನಾನು ನಗಲಾರೆ. ಅನ್ನದ ಪ್ರಶ್ನೆ ಕೀಳಾದ ಪ್ರಶ್ನೆಯಲ್ಲ. ಮೇಲಾಗಿ ಅದು ಸಾಹಿತ್ಯದ ಪ್ರಶ್ನೆಯೂ ಅಹುದು. ಕಥೆ ಹೇಳಿ ಉಣ್ಣಬೇಕಾದವನ ಕಥೆ, ಬೇರೆಲ್ಲಿಯೋ ಉಂಡುಬಂದು ಹೇಳುವವನ ಕಥೆಯಂತೆಯೇ ಇರಬಲ್ಲುದೆ? ಕನ್ನಡನಾಡಿನ ಕಾಡಿನ ಕಥೆಯನ್ನು ಇದುವರೆಗೆ ಯಾರು ಹೇಳಿದರು, ಅವರ ಅನ್ನ ಎಲ್ಲಿಂದ ಬಂದಿತು, ಆ ಅನ್ನವು ಕಥೆಯನ್ನು ಹೇಗೆ ತಿದ್ದಿತು ಎಂಬುದನ್ನು ಸ್ವಲ್ಪ ವಿಚಾರಮಾಡಿ ನೋಡಿದರೆ, ಈ ತರುಣರಿಗೂ ಅವರ ಹಿರಿಯರಿಗೂ ಉಪಯೋಗವಾಗಬಹುದೆಂದು ತೋರುತ್ತದೆ.

ನಮ್ಮ ಮಕ್ಕಳಿಗೆ ದೊರೆಯುವ ಮೊದಲನೆಯ ಹುಲಿ ಯಾವುದು? ಮೃಗಾಲಯದ್ದಲ್ಲ; ಗೋವಿನ ಹಾಡಿನ ಅರ್ಬುತ. ಪುಣ್ಯಕೋಟಿಯ ಸತ್ಯನಿಷ್ಠೆಗೆ ಕಣ್ಣು ಹನಿಯದ ಕನ್ನಡಿಗನಿಲ್ಲ. ಆದರೆ ಒಂದು ಸಲ ಹುಲಿಯ ಪಕ್ಷದಿಂದ ನೋಡಿ. ಹಸಿದದ್ದೇ ಅದರ ಅಪರಾಧ. ಆ ಹಸಿವಿಗೆ ಅದು ನಾಚಿ ಪ್ರಾಣ ಬಿಟ್ಟಮೇಲೆಯೇ ಹಾಡಿಗೆ ಮಂಗಳ. ಹಾಡಿನ ವಿಷಯ ಹುಲಿಯಲ್ಲ, ಕೊಟ್ಟ ಮಾತು ಎಂದು ಯಾರಾದರೂ ಹೇಳಬಹುದು; ಸರಿಯೆ. ಆದರೂ ಒಳ್ಳೆಯ ಹುಲಿಯೆಂದರೆ ಸತ್ತ ಹುಲಿ ಎಂಬ ಭಾವ ಎಳೆಯ ಮನಸ್ಸಿನ ತಳದಲ್ಲಿ ನಿಂತುಬಿಡುತ್ತದೆ. ಇದಕ್ಕಾಗಿ ಹಾಡನ್ನು ಹಳಿಯಬೇಕಾದುದಿಲ್ಲ. ದನ ಕಾಯ್ದು ಬದುಕಿದ ಜನ ಕಟ್ಟಿ ಹಾಡಿಕೊಂಡ ಹಾಡು ಅದು. ಅವರ ಅನ್ನ ಹಟ್ಟಿಯಿಂದ ಬರುತ್ತಿತ್ತು. ಹುಲಿಗೆ ಬೇರೆ ಗತಿಯನ್ನು ಅವರು ಹೇಗೆ ತಾನೆ ಊಹಿಸಿಯಾರು?

ಇನ್ನು ಗ್ರಂಥಸ್ಥವಾದ ಕಾಡಿನ ಕಥೆಗೆ ಬಂದರೆ, ಬೆಂಗಳೂರಿನವರು ಮೊದಲು ನೆನೆಯಬೇಕಾದ ಹೆಸರು ಕೆನೆತ್ ಆಂಡರ್ಸನ್ನನದು. 1910ರಲ್ಲಿ ಹುಟ್ಟಿ 1974ರಲ್ಲಿ ಇದೇ ಊರಿನಲ್ಲಿ ತೀರಿಕೊಂಡ ಈ ಮನುಷ್ಯ ಬರೆದದ್ದು ಇಂಗ್ಲಿಷಿನಲ್ಲಿ. ಆದರೆ ಅವನ ಕಾಡು ನಮ್ಮದು. ಅವನ ಮೊದಲನೆಯ ಪುಸ್ತಕ 1954ರಲ್ಲಿ ಹೊರಬಂದಿತು. ಅದರಲ್ಲಿ ಬರುವ ಜವಳಗಿರಿ, ಗುಮ್ಮಳಾಪುರಗಳೂ, ಮುಂದಿನ ಪುಸ್ತಕಗಳಲ್ಲಿ ಬರುವ ಡೆಂಕಣಿಕೋಟೆಯ ಬಳಿಯ ಶಿವನಿಪಳ್ಳಿಯೂ ಈಗ ತಮಿಳುನಾಡಿಗೆ ಸೇರಿದ, ಕನ್ನಡ ಮಾತು ಇನ್ನೂ ಕೇಳಬರುವ ಗಡಿನಾಡಿನ ಊರುಗಳು. 1974ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲ್ಪಟ್ಟ ನಮ್ಮ ಬನ್ನೇರುಘಟ್ಟದ ಕಾಡು ದಕ್ಷಿಣಕ್ಕೆ ಚಾಚಿ ಸೇರುವುದು ಆ ಕಾಡುಗಳನ್ನೇ. ಜೆ. ಪಿ. ನಗರದ ಮನೆಯ ಮಹಡಿಯಲ್ಲಿ ನಿಂತವನಿಗೆ ಅವನ ಕಥೆಯ ಆನೆ ದೂರದ ಆನೆಯಲ್ಲ.

ಆಂಡರ್ಸನ್ನನ ಅನ್ನ ಕಥೆಯಿಂದ ಬರಲಿಲ್ಲ. ಬೆಂಗಳೂರಿನ ವಿಮಾನ ಕಾರ್ಖಾನೆಯ ಕೆಲಸದಿಂದ ಬಂದಿತು. ಅವನು ಕಾಡಿಗೆ ಹೋದದ್ದು ರಜೆಯ ದಿನಗಳಲ್ಲಿ. ಇದರಿಂದ ಅವನ ಕಥೆಗೆ ಒಂದು ಬಿಡುವು, ಒಂದು ಧಾರಾಳತೆ ಬಂದಿದೆ. ಹುಲಿ ಬರುವುದಕ್ಕೆ ಮುಂಚೆ ಅವನು ದಾರಿಯನ್ನು ವರ್ಣಿಸುತ್ತಾನೆ, ಹಳ್ಳಿಯ ಗುಡಿಸಲುಗಳನ್ನು ಹೇಳುತ್ತಾನೆ, ರಾತ್ರಿಯ ಸದ್ದುಗಳನ್ನು ಒಂದೊಂದಾಗಿ ಬಿಡಿಸಿ ತೋರಿಸುತ್ತಾನೆ. ಇವೆಲ್ಲಕ್ಕಿಂತ ನನಗೆ ಹಿಡಿಸುವುದು ಅವನು ತನ್ನ ಗುರುವನ್ನು ಮರೆಮಾಚುವುದಿಲ್ಲವೆಂಬುದು. ಚಿನ್ನಾರು ಹೊಳೆಯ ದಂಡೆಯಲ್ಲಿ ಬಾಳಿದ ಬೈರನೆಂಬ ಪೂಜಾರಿ ಜಾತಿಯ ಕಾಡುಮನುಷ್ಯನಿಗೆ ಆ ಮೊದಲನೆಯ ಪುಸ್ತಕದಲ್ಲಿಯೇ ಒಂದು ಅಧ್ಯಾಯವನ್ನು ಅವನು ಮೀಸಲಿಟ್ಟಿದ್ದಾನೆ. ಹೆಜ್ಜೆಗುರುತನ್ನು ಓದುವುದನ್ನು ತನಗೆ ಕಲಿಸಿದವನು ಇವನೆಂದು ಹೇಳಿಕೊಳ್ಳಲು ಆ ಬಿಳಿಯನಿಗೆ ನಾಚಿಕೆಯಾಗಲಿಲ್ಲ.

ಗುಣವನ್ನು ಹೇಳಿದ ಮೇಲೆ ದೋಷವನ್ನೂ ಹೇಳಬೇಕಷ್ಟೆ. ಆಂಡರ್ಸನ್ನನ ಕಥೆ ಬಹುಮಟ್ಟಿಗೆ ಬಂದೂಕಿನ ಕಥೆ. ಭಯಾನಕ ಅದರ ರಸ. ಭಯ ತೀರುವುದು ಪ್ರಾಣಿ ಬಿದ್ದಾಗ. ಪ್ರಾಣಿ ಬಿದ್ದೊಡನೆ ಕಥೆಯೂ ಬೀಳುತ್ತದೆ. ನರಭಕ್ಷಕವನ್ನು ಕೊಲ್ಲದೆ ಹಳ್ಳಿಗೆ ಉಳಿಗಾಲವಿರಲಿಲ್ಲವೆಂಬುದು ನಿಜ; ಅದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಸಾವಿರ ಹುಲಿಗಳಲ್ಲಿ ಒಂದು ನರಭಕ್ಷಕವಾದೀತು; ಅವನ ಪುಸ್ತಕಗಳ ಓದುಗನು ಆ ಒಂದನ್ನೇ ಹುಲಿಯೆಂದು ತಿಳಿಯುತ್ತಾನೆ. ಅವನೇ ಬದುಕಿನ ಕೊನೆಕೊನೆಗೆ ಅಳಿಯುತ್ತಿರುವ ಕಾಡಿಗಾಗಿ ಮರುಗಿದ. ಮರಣಾನಂತರ ಪ್ರಕಟವಾದ ಅವನ ಪುಸ್ತಕದ ಹೆಸರಿನಲ್ಲಿಯೇ ‘ಬಹುಕಾಲದ ಹಿಂದಿನ ಕಾಡುಗಳು’ ಎಂಬ ನಿಟ್ಟುಸಿರಿದೆ. ಮರುಕ ಬಂದಿತು, ಕಥೆಯ ಕಟ್ಟು ಮಾತ್ರ ಬದಲಾಗಲಿಲ್ಲ.

ಆ ಕಟ್ಟು ಬದಲಾದುದು ಕನ್ನಡದಲ್ಲಿ; ಬದಲಿಸಿದವರು ಶ್ರೀ ಪೂರ್ಣಚಂದ್ರ ತೇಜಸ್ವಿಯವರು. ವಿಚಿತ್ರವೆಂದರೆ ಆಂಡರ್ಸನ್ನನನ್ನು ಕನ್ನಡಕ್ಕೆ ತಂದವರೂ ಅವರೇ. ‘ಕಾಡಿನ ಕಥೆಗಳು’ ಎಂಬ ಹೆಸರಿನಲ್ಲಿ ನಾಲ್ಕು ಸಂಪುಟಗಳಾಗಿ ಬಂದ ಈ ಭಾವಾನುವಾದಗಳು, ‘ಜಾಲಹಳ್ಳಿಯ ಕುರ್ಕ’, ‘ಮುನಿಶಾಮಿ ಮತ್ತು ಮಾಗಡಿ ಚಿರತೆ’ ಮೊದಲಾದವು, ಇಂದಿಗೂ ಮನೆಮನೆಯಲ್ಲಿ ಓದಲ್ಪಡುತ್ತಿವೆ. ಮೂಲದ ಸಾಹೇಬನ ಇಂಗ್ಲಿಷು ಇಲ್ಲಿ ಮಲೆನಾಡಿನ ಜಗಲಿಯ ಮಾತಾಗಿದೆ. ಮುನಿಶಾಮಿಯಂಥವರು ಇಂಗ್ಲಿಷಿನಲ್ಲಿ ಪರರ ಬಾಯಿಂದ ಮಾತಾಡಿದಂತಿದ್ದರೆ, ಕನ್ನಡದಲ್ಲಿ ತಮ್ಮ ಮನೆಗೆ ತಾವು ಬಂದಂತಿದ್ದಾರೆ. ಆದರೆ ಭಾಷಾಂತರಕಾರರಾಗಿ ತೇಜಸ್ವಿಯವರು ಮುಟ್ಟಲಾರದೆ ಬಿಟ್ಟ ಕಥೆಯ ಕಟ್ಟನ್ನು, ಸ್ವತಂತ್ರ ಲೇಖಕರಾಗಿ ಅವರು 1980ರಲ್ಲಿಯೇ ಮುರಿದಿದ್ದರು. ಆ ಕೃತಿಯೇ ‘ಕರ್ವಾಲೊ’.

‘ಕರ್ವಾಲೊ’ದ ಹೊರಮೈಯನ್ನು ನೋಡಿದರೆ ಅದೂ ಬೇಟೆಯ ಕಥೆಯೇ. ಒಂದು ಅಪೂರ್ವ ಪ್ರಾಣಿ ಇದೆಯೆಂಬ ಸುದ್ದಿ ಬರುತ್ತದೆ. ತಂಡ ಕಟ್ಟಿಕೊಂಡು ಕಾಡಿಗೆ ಹೊರಡುತ್ತಾರೆ. ನಾಯಿಯಿದೆ, ಅಡಿಗೆಗೆ ಬಿರಿಯಾನಿ ಕರಿಯಪ್ಪನಿದ್ದಾನೆ, ಚಿತ್ರ ತೆಗೆಯಲು ಪ್ರಭಾಕರನಿದ್ದಾನೆ. ಹುಲಿ ಬರಬೇಕಾದ ಸ್ಥಳದಲ್ಲಿ ಬರುವುದು ಒಂದು ಹಾರುವ ಓತಿ. ಕೊನೆಯಲ್ಲಿ ಅದು ಸಾಯುವುದಿಲ್ಲ, ಕೈಗೂ ಸಿಕ್ಕುವುದಿಲ್ಲ. ಇವರೆಲ್ಲರ ಕಣ್ಣೆದುರಿಗೆ ಪ್ರಪಾತದ ಮೇಲೆ ತೇಲಿ ಮರೆಯಾಗುತ್ತದೆ. ಬೇಟೆಯ ಕಥೆಗೆ ಇದು ಸೋಲು. ಈ ಕಥೆಗೆ ಇದೇ ಸಿದ್ಧಿ. ಭಯಾನಕವು ಹೋಗಿ ಆ ಸ್ಥಳದಲ್ಲಿ ಅದ್ಭುತವು ನಿಂತಿದೆ. ಅದ್ಭುತಕ್ಕೆ ಸ್ಥಾಯಿಯಾದ ಭಾವ ವಿಸ್ಮಯವೆಂದು ನಮ್ಮ ಆಲಂಕಾರಿಕರು ಹೇಳಿದ್ದಾರೆ. ಇದೇ ಲೇಖಕರು ಮುಂದೆ ‘ವಿಸ್ಮಯ’ ಎಂಬ ಪದವನ್ನೇ ತಮ್ಮ ಪುಸ್ತಕವೊಂದರ ಹೆಸರಿನಲ್ಲಿರಿಸಿದ್ದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ.

ಆದರೆ ಇಂದಿನ ತರುಣರು ಗಮನಿಸಬೇಕಾದ ಮುಖ್ಯಾಂಶ ಓತಿಯಲ್ಲ, ಮಂದಣ್ಣ. ಜೇನು ಹಿಡಿಯುವ, ಮದುವೆಯ ಚಿಂತೆಯಲ್ಲಿಯೂ ನೌಕರಿಯ ಆಸೆಯಲ್ಲಿಯೂ ತೊಳಲುವ, ಊರವರ ಲೆಕ್ಕದಲ್ಲಿ ಕೆಲಸಕ್ಕೆ ಬಾರದ ಈ ಹುಡುಗನೇ ಆ ಪ್ರಾಣಿಯನ್ನು ಮೊದಲು ಕಂಡವನು. ಅಂತರರಾಷ್ಟ್ರೀಯ ಖ್ಯಾತಿಯ ವಿಜ್ಞಾನಿ ಕರ್ವಾಲೊ ಇವನನ್ನು ಆಳೆಂದು ಕಾಣದೆ, ನೋಡಬಲ್ಲ ಕಣ್ಣುಳ್ಳವನೆಂದು ಕಂಡು ಗೌರವಿಸುತ್ತಾನೆ. ಕಥೆ ಹೇಳುವ ನಿರೂಪಕನಿಗೆ ಇದು ಬಹಳ ಹೊತ್ತು ಅರ್ಥವೇ ಆಗುವುದಿಲ್ಲ. ಮಂದಣ್ಣನ ಸಂಗಡ ಅವನಿಗಿರುವ ಅಸಡ್ಡೆ ಕರಗುವುದೇ ಈ ಕಾದಂಬರಿಯ ಒಳಗಿನ ಕಥೆ. ಕಾಡನ್ನು ಬಲ್ಲವನಿಗೆ ನೌಕರಿ ಇಲ್ಲ, ನೌಕರಿಯಲ್ಲಿರುವವನಿಗೆ ಕಾಡು ತಿಳಿಯದು ಎಂಬ ಕಹಿಯಾದ ಮಾತನ್ನು ತೇಜಸ್ವಿಯವರು ನಗಿಸುತ್ತ ಹೇಳಿಬಿಟ್ಟಿದ್ದಾರೆ. ಅವರ ಅನ್ನವಾದರೋ ಮೂಡಿಗೆರೆಯ ಕಾಫಿ ತೋಟದಿಂದ ಬರುತ್ತಿತ್ತು. ಓದುಗನನ್ನು ಹೆದರಿಸಿ ಹಿಡಿದಿಟ್ಟುಕೊಳ್ಳಬೇಕಾದ ಅವಶ್ಯಕತೆ ಅವರಿಗಿರಲಿಲ್ಲ. ಒಂದು ಓತಿಗಾಗಿ ಇಡೀ ಪುಸ್ತಕವನ್ನು ಮೀಸಲಿಡುವ ಧೈರ್ಯ ಅವರಿಗೆ ಎಲ್ಲಿಂದ ಬಂದಿತೆಂದು ಕೇಳಿದರೆ, ಪ್ರತಿಭೆಯಿಂದ ಎನ್ನುವುದು ಮೊದಲ ಉತ್ತರ. ತೋಟದಿಂದ ಎನ್ನುವುದು ಎರಡನೆಯದು.

ಶ್ರೀ ಬಿ. ಜಿ. ಎಲ್. ಸ್ವಾಮಿಯವರನ್ನೂ ಇಲ್ಲಿ ನೆನೆಯಬೇಕು, ಬಸವನಗುಡಿಯ ಡಿ. ವಿ. ಜಿ.ಯವರ ಮಗನಾದ್ದರಿಂದ ನಮ್ಮ ಬಡಾವಣೆಗಳಿಗೆ ಅವರು ನೆರೆಯವರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಅಧ್ಯಾಪಕರಾಗಿದ್ದ ಅವರ ‘ಹಸುರು ಹೊನ್ನು’ 1978ರ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆಯಿತು. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ತಿರುಗುವುದನ್ನು ಸಾಹಿತ್ಯವಾಗಿ ಮಾಡಬಹುದೆಂದು ತೋರಿಸಿದ ಪುಸ್ತಕ ಅದು. ಗಿಡದ ಹೆಸರನ್ನು ಕಂಠಪಾಠ ಮಾಡಿಸದೆ ಗಿಡದ ಜತೆಗೆ ಪರಿಚಯ ಮಾಡಿಸುವ ಅಧ್ಯಾಪಕನು ಅಲ್ಲಿ ಸಿಕ್ಕುತ್ತಾನೆ. ಶಿವರಾಮ ಕಾರಂತರ ‘ಬಾಲಪ್ರಪಂಚ’ವನ್ನೂ ಹೇಳಬಹುದು. ಕಾರಂತರು ಲೇಖನಿಯನ್ನು ನೆಚ್ಚಿ ಬಾಳಿದವರೇ ಆದರೂ ಕಾಡು ಅವರ ನೂರು ವಿಷಯಗಳಲ್ಲಿ ಒಂದು.

ಈಗಿನ ತರುಣರ ಸ್ಥಿತಿ ಇವರೆಲ್ಲರಿಗಿಂತ ಬೇರೆ. ಅವರಿಗೆ ಕಾರ್ಖಾನೆ ಇಲ್ಲ, ತೋಟವಿಲ್ಲ, ಕಾಲೇಜಿನ ಸಂಬಳವೂ ಇಲ್ಲ; ಕಥೆಯೇ ಅವರ ಗದ್ದೆ. ಶಾಲೆಯ ಮಕ್ಕಳನ್ನು ಬನ್ನೇರುಘಟ್ಟಕ್ಕೆ ಕರೆದೊಯ್ಯುವುದು, ಭಾನುವಾರ ಬೆಳಿಗ್ಗೆ ಪುಟ್ಟೇನಹಳ್ಳಿಯದೋ ಸಾರಕ್ಕಿಯದೋ ಕೆರೆಯ ಏರಿಯ ಮೇಲೆ ಹಕ್ಕಿ ತೋರಿಸುವುದು, ಕಾಡಂಚಿನ ವಸತಿಗೃಹಗಳಲ್ಲಿ ನ್ಯಾಚುರಲಿಸ್ಟ್ ಎಂಬ ಹೆಸರಿನಿಂದ ಅತಿಥಿಗಳ ಜೀಪಿನಲ್ಲಿ ಕೂರುವುದು, ಕ್ಯಾಮರಾ ಹಿಡಿಯುವುದು, ಪತ್ರಿಕೆಗಳಿಗೆ ಬರೆಯುವುದು, ಇವೆಲ್ಲವನ್ನೂ ಹೆಣೆದು ಒಂದು ಜೀವನ. ಅತಿಥಿ ಹಣ ಕೊಟ್ಟದ್ದು ಹುಲಿಗೆ; ಹುಲಿ ಕಾಣದೆ ಹೋದರೆ ಅವನಿಗೆ ಕಾಡೇ ಬರಿದು. ಜೀಪಿನಲ್ಲಿ ಕೂತ ತರುಣ ಮಾಡುವುದೇನು? ಒಂದು ಹಿಂದಿನ ದಿನದ ಹುಲಿಯನ್ನು ಬಣ್ಣಿಸುತ್ತಾನೆ. ಆಂಡರ್ಸನ್ನನು ರುಚಿಯಿಂದ ಮಾಡಿದ್ದನ್ನು ಇವನು ಹಸಿವಿನಿಂದ ಮಾಡುತ್ತಾನೆ. ಈ ವೃತ್ತಿಯ ಅಪಾಯವಿರುವುದು ಇಲ್ಲಿ. ಬಂದೂಕು ಹೋದರೂ ಬಂದೂಕಿನ ಕಥೆಯ ಕಟ್ಟು ಹೋಗಲಿಲ್ಲ.

ನಾನು ಕಂಡ ಒಂದು ಸಂಗತಿಯನ್ನು ಹೇಳುತ್ತೇನೆ. ನಮ್ಮ ಕಡೆಯ ಒಂದು ಶಾಲೆಯಲ್ಲಿ ವನ್ಯಜೀವಿಗಳ ವಿಷಯವಾಗಿ ಒಂದು ಕಾರ್ಯಕ್ರಮವಿತ್ತು. ಹೇಳಲು ಬಂದವನು ಸಮರ್ಥನೇ; ಒಂದು ಗಂಟೆಯ ಹೊತ್ತು ಚಿರತೆಯೊಂದು ತನ್ನ ಮೇಲೆ ನುಗ್ಗಿಬಂದುದನ್ನು ಅಭಿನಯಿಸಿ ಮಕ್ಕಳನ್ನು ಬೆಂಚಿನ ತುದಿಯಲ್ಲಿ ಕೂರಿಸಿದ. ಚಪ್ಪಾಳೆ ಜೋರಾಗಿಯೇ ಬಿತ್ತು. ಕೊನೆಯಲ್ಲಿ ಒಬ್ಬಳು ಹುಡುಗಿ ಎದ್ದು, ಕಾಡುಪಾಪ ಏನು ತಿನ್ನುತ್ತದೆ ಎಂದು ಕೇಳಿದಳು. ಬೆಂಗಳೂರಿನ ಹಳೆಯ ಮರಗಳಲ್ಲಿ ಇನ್ನೂ ಅಲ್ಲೊಂದು ಇಲ್ಲೊಂದು ಉಳಿದುಕೊಂಡಿರುವ, ರಾತ್ರಿಯ ಹೊತ್ತು ಕೊಂಬೆಯಿಂದ ಕೊಂಬೆಗೆ ಮೆಲ್ಲನೆ ನಡೆಯುವ, ದೊಡ್ಡ ಕಣ್ಣಿನ ಆ ಪುಟ್ಟ ಪ್ರಾಣಿಯ ಹೆಸರನ್ನು ಅವಳು ಎಲ್ಲಿ ಕೇಳಿದ್ದಳೋ ತಿಳಿಯದು. ಅತಿಥಿ ಮಹಾಶಯನು ‘ಒಳ್ಳೆಯ ಪ್ರಶ್ನೆ’ ಎಂದು ಹೇಳಿ ಮುಂದಿನ ಪ್ರಶ್ನೆಗೆ ಹೋದ. ಉತ್ತರ ಬಂದದ್ದು ಬಾಗಿಲ ಬಳಿ ನಿಂತಿದ್ದ ಶಾಲೆಯ ಕಾವಲುಗಾರನಿಂದ. ಕನಕಪುರದ ಕಡೆಯ ಆ ಮುದುಕ, ತಮ್ಮ ಹೊಲದ ಹುಣಸೆಮರದಲ್ಲಿ ಒಂದು ಇತ್ತೆಂದೂ, ಇರುವೆ ಹುಳುಗಳನ್ನು ಕೈಯಲ್ಲಿ ಹಿಡಿದು ತಿನ್ನುತ್ತದೆಂದೂ, ಬೆಳಕು ಬಿಟ್ಟರೆ ಕಣ್ಣು ಕೆಂಡದಂತೆ ಕಾಣುತ್ತದೆಂದೂ ಎರಡು ಮಾತಿನಲ್ಲಿ ಹೇಳಿದ. ಮಂತ್ರಮಾಟದವರು ಅದನ್ನು ಹಿಡಿದು ಒಯ್ಯುತ್ತಿದ್ದರೆಂದು ಕೊನೆಗೆ ಸೇರಿಸಿದ. ಅವನು ಹೇಳಿದ್ದೆಲ್ಲ ಶಾಸ್ತ್ರಜ್ಞರು ಬರೆದಿರುವುದಕ್ಕೆ ಸರಿಯಾಗಿಯೇ ಇದೆ. ಅವನಿಗೆ ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಸಂಭಾವನೆಯ ಲಕೋಟೆಯಂತೂ ಅತಿಥಿಗೇ ಸಂದಿತು.

ಹಾಗೆಂದು ವೃತ್ತಿಯಾಗಿ ಕೈಕೊಂಡವರೆಲ್ಲ ಕೆಟ್ಟರೆಂದು ಹೇಳುವುದು ಅನ್ಯಾಯ. ಮೈಸೂರಿನ ಶ್ರೀ ಕೃಪಾಕರ ಮತ್ತು ಶ್ರೀ ಸೇನಾನಿಯವರು ಇದಕ್ಕೆ ಬಲವಾದ ಪ್ರತ್ಯುದಾಹರಣೆ. ಇವರು ಹುಲಿಯ ಹಿಂದೆ ಬೀಳಲಿಲ್ಲ. ಒಂದು ಕಾಲದಲ್ಲಿ ಸರ್ಕಾರವೇ ಇನಾಮು ಕೊಟ್ಟು ಕೊಲ್ಲಿಸುತ್ತಿದ್ದ ಕೆನ್ನಾಯಿಯನ್ನು ಹಿಡಿದರು. ವರ್ಷಗಟ್ಟಲೆ ಅದರ ಸಂಸಾರವನ್ನು ನೋಡಿದರು. ಅದರ ಚಿತ್ರಕ್ಕಾಗಿ 2010ರಲ್ಲಿ ಜನ ‘ಹಸುರು ಆಸ್ಕರ್’ ಎಂದು ಕರೆಯುವ ಪ್ರಶಸ್ತಿ ಅವರಿಗೆ ಬಂದಿತು. 1997ರಲ್ಲಿ ವೀರಪ್ಪನ್ ಇವರನ್ನು ಹಿಡಿದೊಯ್ದು ಹದಿನಾಲ್ಕು ದಿನ ಕಾಡಿನಲ್ಲಿಟ್ಟುಕೊಂಡಿದ್ದುದನ್ನು ಕುರಿತು ಅವರು ಬರೆದ ಪುಸ್ತಕದಲ್ಲಿಯೂ, ಭಯಾನಕಕ್ಕೆ ಎಷ್ಟು ಎಡೆಯಿದ್ದರೂ ಅದಕ್ಕೆ ಶರಣಾಗದ ಒಂದು ಹಾಸ್ಯಪ್ರಜ್ಞೆ ಇದೆ. ಕಾಯುವ ತಾಳ್ಮೆಯೇ ಅವರ ಬಂಡವಾಳ. ಆ ತಾಳ್ಮೆಗೆ ತಿಂಗಳ ಸಂಬಳವಿಲ್ಲವೆಂಬುದನ್ನು ಹಿರಿಯರು ನೆನಪಿನಲ್ಲಿಡಬೇಕು, ತರುಣರೂ ಇಡಬೇಕು.

ಚಲಚ್ಚಿತ್ರದ ಮಾತು ಬಂದಿತು. ಬೆಂಗಳೂರಿನ ಕಂಪ್ಯೂಟರ್ ಉದ್ಯೋಗವನ್ನು ಬಿಟ್ಟು ಕಾಡಿಗೆ ಹೋದ ಶ್ರೀ ಕಲ್ಯಾಣ್ ವರ್ಮ ಮತ್ತು ಶ್ರೀ ಅಮೋಘವರ್ಷ ಇವರು ಅರಣ್ಯ ಇಲಾಖೆಯ ಸಹಾಯದಿಂದ ತೆಗೆದ ‘ವೈಲ್ಡ್ ಕರ್ನಾಟಕ’ 2020ರಲ್ಲಿ ಚಿತ್ರಮಂದಿರಗಳಿಗೆ ಬಂದಿತು. ಇಂಗ್ಲಿಷಿನಲ್ಲಿ ಡೇವಿಡ್ ಅಟೆನ್‌ಬರೋ, ಕನ್ನಡದಲ್ಲಿ ರಿಷಬ್ ಶೆಟ್ಟಿ ಅದಕ್ಕೆ ದನಿ ಕೊಟ್ಟರು. ಚಿತ್ರದ ಸೌಂದರ್ಯವನ್ನು ಕುರಿತು ಎರಡು ಮಾತಿಲ್ಲ. ನಮ್ಮ ನಾಡು ಇಷ್ಟು ಸಂಪನ್ನವೆಂದು ನಗರದವರು ಮೊದಲ ಬಾರಿಗೆ ಕಂಡದ್ದು ಅಲ್ಲಿ. ಆದರೂ ನೋಡಿ ಹೊರಬಂದಾಗ ಮನಸ್ಸಿನಲ್ಲಿ ಒಂದು ಕೊರತೆ ಉಳಿಯಿತು. ಆ ಕರ್ನಾಟಕದಲ್ಲಿ ಜನರೇ ಇಲ್ಲವೆನ್ನಬೇಕು. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಕಾಡಿನ ಮೇಲೆ ಕಾನೂನಿನ ಹಕ್ಕು ಪಡೆದ ಸೋಲಿಗನಾಗಲಿ, ನಾಗರಹೊಳೆಯ ಜೇನುಕುರುಬನಾಗಲಿ, ರಾತ್ರಿಯಿಡೀ ಕಾಯುವ ಅರಣ್ಯದ ವಾಚರನಾಗಲಿ ಅಲ್ಲಿ ಕಥೆಯ ಪಾತ್ರಗಳಲ್ಲ. ಬೈರನೂ ಇಲ್ಲ, ಮಂದಣ್ಣನೂ ಇಲ್ಲ. ಕ್ಯಾಮರಾ ಎಲ್ಲಿ ನಿಲ್ಲಬೇಕೆಂದು ತೋರಿಸಿಕೊಟ್ಟ ಬೆರಳು ಯಾರದು ಎಂಬ ಪ್ರಶ್ನೆಗೆ ಚಿತ್ರದಲ್ಲಿ ಉತ್ತರವಿಲ್ಲ.

ಅದೇ ಶ್ರೀ ಅಮೋಘವರ್ಷರು 2022ರಲ್ಲಿ ತಂದ ‘ಗಂಧದ ಗುಡಿ’ ಇದಕ್ಕಿಂತ ಕಲೆಯಲ್ಲಿ ಸಡಿಲ. ಆದರೆ ನನಗೆ ಹೆಚ್ಚು ಆಪ್ತ. ದಿವಂಗತ ಪುನೀತ್ ರಾಜಕುಮಾರರು ಅದರಲ್ಲಿ ವೀರನಲ್ಲ, ನೋಡಲು ಬಂದ ಅತಿಥಿ. ಅಳುಕುತ್ತಾರೆ, ಕೇಳುತ್ತಾರೆ, ಬೆರಗಾಗುತ್ತಾರೆ. 1973ರ ‘ಗಂಧದ ಗುಡಿ’ಯಲ್ಲಿ ಅವರ ತಂದೆ ಅರಣ್ಯಾಧಿಕಾರಿಯಾಗಿ ಕಾಡನ್ನು ಕಾಯ್ದರು, ಮಗ ಕಾಡಿನ ಮುಂದೆ ವಿದ್ಯಾರ್ಥಿಯಾಗಿ ನಿಂತರು. ಐವತ್ತು ವರ್ಷಗಳಲ್ಲಿ ನಮ್ಮ ಕಲ್ಪನೆ ಇಷ್ಟು ಮುಂದೆ ಬಂದಿತೆಂದು ಹೇಳಬಹುದು.

ಇದು ಬರಿಯ ರಸವಿಚಾರವೇ ಎಂದರೆ, ಅಲ್ಲ. 2023ರ ಅಕ್ಟೋಬರ್ ಕೊನೆಯಲ್ಲಿ, ಬಿ. ಟಿ. ಎಂ. ಬಡಾವಣೆಗೆ ಬಹಳ ದೂರವಲ್ಲದ ಕೂಡ್ಲು, ಸಿಂಗಸಂದ್ರದ ಕಡೆ ಒಂದು ಚಿರತೆ ಕಾಣಿಸಿಕೊಂಡಿತು. ಬಹುಮಹಡಿ ಮನೆಯ ಕ್ಯಾಮರಾದಲ್ಲಿ ಮೂಡಿದ ಅದರ ನೆರಳು ಒಂದು ಗಂಟೆಯೊಳಗೆ ಊರಿನ ಎಲ್ಲರ ಕೈಯ ಫೋನಿನಲ್ಲಿತ್ತು. ಆ ದಿನಗಳಲ್ಲಿ ನಮ್ಮ ಮನೆಗಳಲ್ಲಿ ನಡೆದ ಮಾತನ್ನು ನೆನೆಯಿರಿ: ಎಲ್ಲರೂ ಆಂಡರ್ಸನ್ನನ ಕಥೆಯನ್ನೇ ಹೇಳುತ್ತಿದ್ದೆವು, ಅವನ ಬಿಡುವಿಲ್ಲದೆ, ಅವನ ಬೈರನಿಲ್ಲದೆ. ನವೆಂಬರ್ 1ರಂದು ಹಿಡಿಯುವ ಪ್ರಯತ್ನದಲ್ಲಿ ಗುಂಡು ತಗುಲಿ ಚಿರತೆ ಸತ್ತಿತು. ಇಲಾಖೆಯವರು ತಪ್ಪು ಮಾಡಿದರೋ ಇಲ್ಲವೋ ಅದನ್ನು ನಾನು ವಿಚಾರಿಸುತ್ತಿಲ್ಲ. ಅಂಥ ಹೊತ್ತಿನಲ್ಲಿ ಅವರ ಕೆಲಸ ಕಷ್ಟವಾದುದು. ಆದರೆ ಭೀತರಾದ ಜನರ ನಡುವೆ ಚಿರತೆಗೆ ಓಡಲು ದಾರಿ ಸಿಕ್ಕುವುದು ಇನ್ನೂ ಕಷ್ಟ. ಕಥೆಗಾರನ ಕೆಲಸಕ್ಕೆ ಬೆಲೆ ಇರುವುದು ಅಂಥ ರಾತ್ರಿ, ಅದೂ ಆ ರಾತ್ರಿಗೆ ಹತ್ತು ವರ್ಷ ಮುಂಚೆ ಅವನು ಹೇಳಿಟ್ಟಿದ್ದರೆ.

ಈ ದೃಷ್ಟಿಯಿಂದ ಶ್ರೀ ಸಂಜಯ್ ಗುಬ್ಬಿಯವರ ಕನ್ನಡ ಪುಸ್ತಕದ ಹೆಸರನ್ನು ಗಮನಿಸಬೇಕು: ‘ಶಾಲೆಗೆ ಬಂದ ಚಿರತೆ ಮತ್ತು ಇತರ ಕತೆಗಳು’. 2016ರ ಫೆಬ್ರವರಿಯಲ್ಲಿ ಬೆಂಗಳೂರಿನ ಪೂರ್ವಭಾಗದ ಶಾಲೆಯೊಂದಕ್ಕೆ ಚಿರತೆ ನುಗ್ಗಿದಾಗ ಅದರ ಬಾಯಿಗೆ ಸಿಕ್ಕಿ ಗಾಯಗೊಂಡವರು ಇವರೇ. ನುಗ್ಗಿದ ಚಿರತೆ, ಕೊಲ್ಲಬಂದ ಚಿರತೆ ಎಂದು ಬರೆಯಲು ಇವರಿಗಿಂತ ಹೆಚ್ಚು ಅಧಿಕಾರವುಳ್ಳವರು ಯಾರಿದ್ದರು? ಇವರು ‘ಬಂದ’ ಎಂದರು. ನೆಂಟರು ಬರುತ್ತಾರೆ, ಮಳೆ ಬರುತ್ತದೆ, ಚಿರತೆಯೂ ಬಂದಿತು. ಈ ಒಂದು ಕ್ರಿಯಾಪದದಲ್ಲಿ ಹಳೆಯ ಕಥೆಯ ಕಟ್ಟು ಸಡಿಲಿದೆ. ಆಮೇಲೆಯೂ ಅವರು ಚಿರತೆಯ ಅಧ್ಯಯನವನ್ನೇ ಮುಂದುವರಿಸಿದರು. 2021ರಲ್ಲಿ ಇಂಗ್ಲಿಷಿನಲ್ಲಿ ಚಿರತೆಯನ್ನು ಕುರಿತ ಗ್ರಂಥವೊಂದನ್ನು ತಂದರು. ಅಂಕಿಅಂಶದ ಶಾಸ್ತ್ರವನ್ನು ಬಲ್ಲವರು ಕನ್ನಡದಲ್ಲಿ ಕಥೆಯನ್ನೂ ಬರೆಯುವುದು ಅಪೂರ್ವ. ನಮ್ಮ ಕಾಡಿನ ಬಗೆಗೆ ನಡೆಯುವ ಸಂಶೋಧನೆಯ ಬಹುಪಾಲು ಇಂಗ್ಲಿಷಿನಲ್ಲಿ ಹುಟ್ಟಿ ಇಂಗ್ಲಿಷಿನಲ್ಲಿಯೇ 'ಸಮಾಪ್ತಿ'ಯಾಗುತ್ತಿರುವಾಗ, ಆ ಕಾಡಿನ ಅಂಚಿನಲ್ಲಿ ಬೇಸಾಯ ಮಾಡುವವನಿಗೆ ತನ್ನ ಹೊಲಕ್ಕೆ ಬಂದ ಪ್ರಾಣಿಯ ಸುದ್ದಿ ತಲುಪುವುದೇ ಇಲ್ಲ.

ಮೊನ್ನೆ ಬನಶಂಕರಿಯ ಒಬ್ಬ ತರುಣ ನನ್ನಲ್ಲಿಗೆ ಬಂದು, ಈ ವೃತ್ತಿಯನ್ನು ಹಿಡಿಯಬೇಕೆಂದಿರುವೆನೆಂದೂ, ಮೊದಲು ಆಫ್ರಿಕಕ್ಕೆ ಹೋಗಿ ಚಿತ್ರ ತೆಗೆದು ಹೆಸರು ಮಾಡಬೇಕೆಂದಿರುವೆನೆಂದೂ ಹೇಳಿದ. ಇನ್ನು ಮೂರು ನಾಲ್ಕು ವರ್ಷ ಈಗಿನ ಕೆಲಸವನ್ನು ಬಿಡಬೇಡವೆಂದು ನಾನು ಹೇಳಿದೆ. ಹುಲಿಯನ್ನು ಮಾರದೆ ಇರಲು ಬೇಕಾದ ಸ್ವಾತಂತ್ರ್ಯ ಅಷ್ಟು ದಿನವಾದರೂ ಅವನಿಗೆ ಸಿಕ್ಕಲಿ. ಅವನಿಗೆ ಇದು ರುಚಿಸಿದಂತೆ ಕಾಣಲಿಲ್ಲ. ಆಫ್ರಿಕದ ಬದಲು, ಹಾರೋಹಳ್ಳಿಯ ಆಚೆ, ರಾಗಿ ಕಟಾವಿಗೆ ಬರುವ ಕಾಲಕ್ಕೆ, ಬನ್ನೇರುಘಟ್ಟದ ಆನೆಗಳು ಹೊಲಕ್ಕಿಳಿಯುವ ದಿನಗಳಲ್ಲಿ, ಯಾರಾದರೊಬ್ಬ ರೈತನ ಅಟ್ಟಣೆಯ ಮೇಲೆ ಒಂದು ರಾತ್ರಿ ಕಳೆದು ಬಾ ಎಂದೆ. ಆನೆ ಬಾರದಿದ್ದರೂ ಸರಿ. ರೈತ ಏನು ಮಾತಾಡುತ್ತಾನೆ, ಯಾವ ಸದ್ದಿಗೆ ಸುಮ್ಮನಾಗುತ್ತಾನೆ, ಹೋದ ವರ್ಷ ಕಳೆದ ರಾಗಿಗೆ ಪರಿಹಾರ ಎಷ್ಟು ಬಂದಿತು ಎಂಬುದನ್ನು ಅವನ ಹೆಸರಿನೊಡನೆ ಬರೆದು ತಾ ಎಂದೆ. ಅವನು ಬರೆದು ತಂದರೆ ಈ ಪತ್ರಿಕೆಯ ಸಂಪಾದಕರು ಸಂತೋಷದಿಂದ ಅಚ್ಚುಮಾಡುವರೆಂದು ನನಗೆ ನಂಬಿಕೆಯಿದೆ. ಸಂಭಾವನೆ ಕೊಡುವ ಶಕ್ತಿ ಮಾತ್ರ ಅವರಿಗಿಲ್ಲ. ಅದನ್ನೂ ಹುಡುಗನಿಗೆ ಮೊದಲೇ ಹೇಳಿದ್ದೇನೆ.